ಒಳಸುತ್ತಿನ ಕೊಳಲು

ಬೆಳಗಿನ ಆರು ಗಂಟೆ. ಡಚ್ ಪ್ರಾಂತ್ಯ ಫ್ರೀಸ್‌ಲ್ಯಾಂಡಿನ ಬೋಲ್ಸ್‌ವರ್ಡ್ ಊರಾಚೆ, ಕಾಲುವೆ ದಂಡೆಯ ಗ್ರಾಮಫೋನ್ ರೆಕಾರ್ಡು ಕಾರ್ಖಾನೆಯಲ್ಲಿ ಅಚ್ಚುಯಂತ್ರಗಳು ಆಗಷ್ಟೇ ಬಿಸಿಯಾಗುತ್ತಿವೆ. ಮೂಲೆಯ ಪುಟ್ಟ ಕೋಣೆಯಲ್ಲಿ ಆಫ್ಕೆ ದೈಕ್‌ಸ್ತ್ರಾ ನಿನ್ನೆ ಒತ್ತಿದ ಮಾದರಿ ತಟ್ಟೆಯ ಮೇಲೆ ಮುಳ್ಳಿಳಿಸಿ, ಕಣ್ಣು ಮುಚ್ಚಿ ಕೂರುತ್ತಾರೆ. ನೋಡಿದವರು ಪ್ರಾರ್ಥನೆ ಅಂದುಕೊಳ್ಳಬೇಕು. ಅವರ ಉದ್ಯೋಗವೇ ಅದು, ಕೇಳುವುದು.

ವಯಸ್ಸು ಐವತ್ತೆಂಟು. ಹನ್ನೆರಡು ವರ್ಷ ಅಚ್ಚುಯಂತ್ರದ ಪಕ್ಕದಲ್ಲೇ ದುಡಿದು ಎಡಗಿವಿಯಲ್ಲಿ ಜೀರುಂಡೆಯ ಸದ್ದು ಸೇರಿಕೊಂಡಿದೆ. ಬಲಗಿವಿಯನ್ನು ಪಳಗಿಸಿದವರು ತಂದೆ. "ಊಟ ಆದ್ಮೇಲೆ ಅಪ್ಪ ಬೈಬಲ್ಲಿನ ಕೀರ್ತನೆ ಓದೋರು. ಓದಿ ಮುಗಿಸಿ, 'ಕೊನೇ ಪದ ಯಾವ್ದು?' ಅಂತ ಒಬ್ಬೊಬ್ರನ್ನೇ ಕೇಳೋರು. ಹೇಳದೆ ಇದ್ರೆ ಪಾಯಸ ಇಲ್ಲ. ನಾನು ಒಂದಿನಾನೂ ಪಾಯಸ ಬಿಟ್ಟೋಳಲ್ಲ!" ಈಗ ದಿನಕ್ಕೆ ಹತ್ತು ರೆಕಾರ್ಡು, ಇಪ್ಪತ್ತು ಮಗ್ಗುಲು. ನಡುವೆ ಒಂದು ಕಾಫಿ, ಒಂದೇ ಬಿಸ್ಕತ್ತು. ಚೀಟಿಯ ಮೇಲೆ 'ಸರಿ' ಅಥವಾ 'ತಪ್ಪು' ಎಂದು ಗುರುತು ಹಾಕಬೇಕು, ಅಷ್ಟೇ.

ಈ ವಾರ ಬಂದಿರುವುದು ತಿಮಿಂಗಿಲದ ಮರಿಯೊಂದರ ಅನಿಮೇಷನ್ ಚಿತ್ರದ ವಾದ್ಯವೃಂದ ಸಂಗೀತ. ಚಿತ್ರವಿಲ್ಲ, ಮಾತಿಲ್ಲ, ಬರೀ ಸಂಗೀತದ ಆಲ್ಬಮ್. ಮೊದಲ ಮಗ್ಗುಲಿನ ಕೊನೆಗೆ ದೊಡ್ಡ ಬಿರುಗಾಳಿ. ಅದರ ಬೆನ್ನಿಗೇ, ಉಸಿರಿನಷ್ಟು ಮೆಲ್ಲಗೆ ಒಂಟಿ ಕೊಳಲು. ಆ ಕೊಳಲಿನಲ್ಲಿ ಆಫ್ಕೆಗೆ ಏನೋ ಗರಗರ ಕೇಳಿಸಿದೆ.

"ಏನ್ರೀ ಆಫ್ಕೆ, ಕೆಟ್ಟಿರೋದು ತಟ್ಟೆನೋ, ನಿಮ್ಮ ಕಿವಿನೋ?" ಮೇಸ್ತ್ರಿ ವೀಬ್ರೆನ್ ಬಾಗಿಲಲ್ಲಿ ನಿಂತು ಕೆಣಕುತ್ತಾನೆ. "ಶುಕ್ರವಾರ ಸಾವಿರ ರೆಕಾರ್ಡು ಹೊರಡ್ಬೇಕು."

"ಬಲಗಿವೀಲೇ ಕೇಳಿದೀನಪ್ಪ. ನೀನೂ ಕೂತ್ಕೊಂಡು ಕೇಳು. ಬಾಯಿ ಮುಚ್ಕೊಂಡು. ಅದು ನಿಂಗೆ ಕಷ್ಟ, ಗೊತ್ತು."

ಮೊದಲು ಸ್ಟುಡಿಯೋದಿಂದ ಬಂದ ಮೂಲಪ್ರತಿ ಕೇಳಿಸುತ್ತಾರೆ, ಆಮೇಲೆ ತಟ್ಟೆ. ವೀಬ್ರೆನ್ ಮುಖ ಸಪ್ಪಗಾಗುತ್ತದೆ. "ಮರಳು ಉಜ್ಜಿದ ಹಾಗಿದೆ."

ತಪ್ಪು ಯಾರದೂ ಅಲ್ಲ. ತಟ್ಟೆಯ ನಡುವಿಗೆ ಹೋದಂತೆ ಸುತ್ತು ಚಿಕ್ಕದಾಗುತ್ತದೆ, ನಾದಕ್ಕೆ ಜಾಗ ಸಾಲದು. ಕೊಳಲನ್ನು ಎರಡನೇ ಮಗ್ಗುಲಿನ ಮೊದಲಿಗೆ, ಅಗಲವಾದ ಹೊರಸುತ್ತಿಗೆ ತಂದರೆ ತಿಳಿಯಾದೀತು. ಆದರೆ ಬಿರುಗಾಳಿಗೂ ಕೊಳಲಿಗೂ ನಡುವೆ ಬಿಡುವಿರಬಾರದೆಂಬುದು ಸಂಯೋಜಕ ರೂರ್ಡ್ ಅವರ ಕಟ್ಟಪ್ಪಣೆ. ಆಫ್ಕೆ ಚೀಟಿಯಲ್ಲಿ 'ತಪ್ಪು' ಎಂದು ಗುರುತು ಹಾಕಿ, ಹಿಂಬದಿಗೆ ತಿರುಗಿಸಿ ಕೊಳಲನ್ನು ಅಲ್ಲಿಗೆ ತರುವ ಸಲಹೆಯನ್ನೂ ಬರೆಯುತ್ತಾರೆ.

"ಅವ್ರಿಗೇ ಪಾಠ ಹೇಳ್ತೀರಾ? ಕೆಲಸ ಹೋದ್ರೆ?"

"ಹೋದ್ರೆ ಹೋಗ್ಲಿ. ಚಿತ್ರಮಂದಿರದಲ್ಲಿ ಅಲೆ ಸದ್ದು, ಮಾತು, ಮಕ್ಕಳ ಗಲಾಟೆ. ಪಾಪ, ಆ ಕೊಳಲು ಊದಿದೋಳನ್ನ ಯಾರು ಕೇಳಿರ್ತಾರೆ? ಇಲ್ಲಾದ್ರೂ ಕೇಳಿಸ್ಬೇಕು."

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ರೂರ್ಡ್ ಅವರೇ ಫೋನು ಮಾಡುತ್ತಾರೆ. ಹೊಸ ಅಚ್ಚು ಕೊರೆಯಲು ಹೇಳಿಯಾಗಿದೆ, ಮೂರು ವಾರ ತಡವಾದರೂ ಸರಿಯಂತೆ. "ಬಿರುಗಾಳಿ ನಿಂತ್ಮೇಲೆ ಎದ್ದು ತಟ್ಟೆ ತಿರುಗಿಸ್ಬೇಕಲ್ಲ, ಆ ಮೌನ ನಂಗೆ ಹೊಳೆದೇ ಇರ್ಲಿಲ್ಲ," ಎನ್ನುತ್ತಾರೆ. ಆಮೇಲೆ, "ಚಿತ್ರ ನೋಡಿದೀರಾ?"

"ಇಲ್ಲ ಸಾರ್."

"ಹಂಗಾದ್ರೆ ಕೊಳಲು ಕೇಳ್ವಾಗ ಏನು ಕಾಣಿಸ್ತು?"

"ನಮ್ಮಮ್ಮ ಬಟ್ಟೆ ಮಡಿಸ್ತಾ ಕೂತಿದ್ದು."

"ಅಲ್ಲಿರೋದು ದಾರಿ ತಪ್ಪಿದ ಮರಿ," ಎನ್ನುತ್ತಾರೆ ರೂರ್ಡ್. "ಇರ್ಲಿ, ನೀವು ನಿಮ್ಮಮ್ಮನ್ನೇ ಇಟ್ಕೊಳ್ಳಿ."

ರೆಕಾರ್ಡಿನ ಹೊದಿಕೆಯಲ್ಲಿ ಎಂಬತ್ತು ವಾದ್ಯಗಾರರ ಹೆಸರಿದೆ. ಆಫ್ಕೆಯದಿಲ್ಲ. ಬೇಸರವಿಲ್ಲವೇ ಎಂದರೆ ನಗುತ್ತಾರೆ. "ಅಷ್ಟು ಜನ ಉಸಿರು ಕಟ್ಟಿ ನುಡಿಸಿದ್ದು, ಊರಿಗೆಲ್ಲ ಹೋಗೋ ಮುಂಚೆ ನಂಗೊಬ್ಳಿಗೇ ಕೇಳ್ಸತ್ತೆ. ದೇವರು ಇನ್ನೇನು ಕೊಡ್ಬೇಕು ಹೇಳಿ."