ಎಲೆರಾಯರ ಹಲ್ಲೆಣಿಕೆ

ಸಸ್ಯೋದ್ಯಾನದ ಚಿತ್ರಗಾರರಿಗೆ ಎಲೆರಾಯರು ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಹೂವೆಂದರೆ ಅವರಿಗೆ ಅಷ್ಟಕ್ಕಷ್ಟೇ. "ಹೂವನ್ನ ಯಾರು ಬೇಕಾದ್ರೂ ಬರೀತಾರೆ, ಎಲೆ ಬರೆಯೋಕೆ ಯೋಗ್ಯತೆ ಬೇಕು" ಎನ್ನುತ್ತಾರೆ. ಒಂದು ಎಲೆಗೆ ಒಂಬತ್ತು ಹಸಿರು ಕಲಸುತ್ತಾರೆ. ಹುಳ ತಿಂದ ತೂತನ್ನೂ ಬಿಡದೆ ಬರೆಯುತ್ತಾರೆ. ಅದನ್ನು ಮುಚ್ಚಿ ಎಂದ ಮೇಲಧಿಕಾರಿಗೆ "ಹುಳಕ್ಕೆ ನೋಟಿಸ್ ಕೊಡಿ ಸಾರ್" ಎಂದಿದ್ದರು. ಮನೆಯಲ್ಲಿ ಕುಂಡದ ಗಿಡಕ್ಕೆ ನೀರು ಹಾಕಬೇಕಾದರೂ ಹೆಂಡತಿ ಅಪ್ಪಣೆ ಕೇಳಬೇಕು, ಏಕೆಂದರೆ ನೀರು ಕುಡಿದ ಎಲೆ ಅರ್ಧ ಚಿತ್ರದಲ್ಲೇ ಭಂಗಿ ಬದಲಿಸುತ್ತದಂತೆ. ಎಲೆಯಂಚಿನ ಗರಗಸದ ಹಲ್ಲುಗಳನ್ನು ಎಣಿಸದೆ ಪೆನ್ಸಿಲ್ ಮುಟ್ಟುವವರೇ ಅಲ್ಲ. ಎರಡು ವರ್ಷದಿಂದ ಮಾತ್ರ ಆ ಎಣಿಕೆಯನ್ನು ಹೆಂಡತಿಗೆ ವಹಿಸಿದ್ದಾರೆ. "ನಂಗೆ ಕಾಣಲ್ಲ ಅಂತಲ್ಲ ಕಣೇ, ನೀನೂ ಕಲೀಬೇಕು ಅಂತ. ಆಫೀಸಲ್ಲಿ ಮಾತ್ರ ಯಾರಿಗೂ ಹೇಳ್ಬೇಡ." ಇವತ್ತೂ ಆಕೆ ಭೂತಗನ್ನಡಿ ಹಿಡಿದು, ಎಲೆಯ ನರಗಳು ಕವಲೊಡೆಯುವ ಕಡೆಯೆಲ್ಲ ಅವರ ಬೆರಳನ್ನೇ ಇಡಿಸಿ, ಕೊನೆಗೆ "ಮೂವತ್ತೇಳು ಹಲ್ಲು" ಎಂದಳು. ರಾಯರು ಎಲೆಯನ್ನು ಮೂಗಿನ ತುದಿಗೆ ತಂದು, ಬಹಳ ಹೊತ್ತು ನೋಡಿ, "ಸರಿ, ಪಾಸಾದೆ" ಎಂದರು. "ನಿಮ್ಮ ಪಾಠ ಅಲ್ವಾ" ಎನ್ನುತ್ತ ಆಕೆ, ಅವರ ಕೈಯಲ್ಲಿ ಬೆನ್ನು ಮೇಲಾಗಿದ್ದ ಎಲೆಯನ್ನು ಮೆಲ್ಲಗೆ ಮಗುಚಿದಳು.