ವೈನ್ ಸುರಂಗದ ಗೋಡೆಯಾಚೆ

ಇದನ್ನು ಹೇಳಿದಾಗಲೆಲ್ಲ ಜನ ನಕ್ಕು, "ವೈನ್ ಜಾಸ್ತಿ ಆಗಿತ್ತೇನ್ರೀ?" ಅನ್ನುತ್ತಾರೆ. ಆ ಸಂಜೆ ನಾನು ಒಂದು ಹನಿಯನ್ನೂ ಮುಟ್ಟಿರಲಿಲ್ಲ. ನನ್ನ ಅತ್ತೆಯಂತೂ ಮುಟ್ಟುವ ಮಾತೇ ಇಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ನಾವು ಪರದೇಶದಲ್ಲಿ, ಕ್ಯಾಂಪ್‌ಬೆಲ್ ಎಂಬ ಊರಿನಲ್ಲಿದ್ದೆವು. ಬಿಜಾಪುರದಿಂದ ಬಂದಿದ್ದ ಅತ್ತೆಗೆ ಇಲ್ಲಿಯ ದ್ರಾಕ್ಷಿ ತೋಟ ನೋಡುವ ಆಸೆ. ಪಕ್ಕದ ಊರು ಲಾಸ್ ಗ್ಯಾಟೋಸ್ ಮೇಲಿನ ಬೆಟ್ಟದಲ್ಲಿ ತೋಟದ ದ್ರಾಕ್ಷಿಯಿಂದಲೇ ವೈನ್ ಮಾಡುವ ಒಂದು ಹಳೆಯ ವೈನರಿ ಇತ್ತು. ಅಲ್ಲಿಯ ಬ್ರೆಡ್ಡು, ಚೀಸು ಬಹಳ ರುಚಿ ಎಂದು ಕೇಳಿದ್ದೆ. ಗಂಡನಿಗೆ ಆಫೀಸು. ನಾವಿಬ್ಬರೇ ಹೋದೆವು.

ತಿಂದು ಮುಗಿಸಿದ ಮೇಲೆ ಮಾಲೀಕ, ಎಪ್ಪತ್ತರ ಮುದುಕ, ಬೆಟ್ಟದೊಳಗೆ ಕೊರೆದ ಸುರಂಗ ತೋರಿಸಿದ. ಎರಡೂ ಬದಿ ವೈನ್ ಪೀಪಾಯಿಗಳು. ಅಷ್ಟರಲ್ಲಿ ಹೊರಗೆ ಫೋನು ರಿಂಗಾಯಿತು. "ಒಂದೇ ನಿಮಿಷ" ಎಂದು ಹೋದ. ಅವನ ಹಿಂದೆಯೇ ದಪ್ಪ ಬಾಗಿಲು ಮುಚ್ಚಿಕೊಂಡಿತು. ದೀಪವೂ ಆರಿತು.

ಎಳೆದೆ, ತಳ್ಳಿದೆ. ಅಲುಗಲಿಲ್ಲ. ಮೂಗಿಗೆ ಹುಳಿ ವಾಸನೆ, ಒದ್ದೆ ಮಣ್ಣಿನ ತಂಪು... ಕೂಗಿದರೆ ದನಿ ಅಲ್ಲೇ ಸತ್ತುಹೋಗುತ್ತಿತ್ತು.

ಆಗ ಸುರಂಗದ ತುದಿಯಿಂದ... ಟಕ್. ಟಕ್.

"ಇಲಿ ಇರ್ಬೇಕು ಅತ್ತೆ," ಪಿಸುಗುಟ್ಟಿದೆ.

"ಇಲಿ ಹಿಂಗ ಎಣಿಸಿ ಬಡೀತಾವೇನವಾ?"

ನಾನು ತಡೆಯುವಷ್ಟರಲ್ಲಿ ಅತ್ತೆ ಪೀಪಾಯಿಯನ್ನು ಮೂರು ಸಲ ತಟ್ಟಿದರು.

ಟಕ್. ಟಕ್. ಟಕ್.

ಐದು ತಟ್ಟಿದರು. ಐದೇ ಬಂತು. ಪ್ರತಿಧ್ವನಿ ಅನ್ನೋಣವೆಂದರೆ, ಅತ್ತೆ ಸುಮ್ಮನಾದ ಮೇಲೂ ಅದು ನಿಲ್ಲಲಿಲ್ಲ. ಅವಸರ ಅವಸರವಾಗಿ, ಎರಡೂ ಕೈಯಲ್ಲಿ ಬಡಿದ ಹಾಗೆ...

"ಪಾಪ, ಯಾರೋ ಸಿಕ್ಕೊಂಡಾರ. ನಡಿ, ನೋಡೂಣು."

ಕತ್ತಲಲ್ಲಿ ಪೀಪಾಯಿಗಳನ್ನು ತಡವುತ್ತ ಹೋದೆವು. ಕೊನೆಗೆ ಇಟ್ಟಿಗೆ ಗೋಡೆ. ಅಂಗೈ ಇಟ್ಟೆ. ಬಡಿತ ನಿಂತಿತು. ಆಮೇಲೆ ಒಂದೇ ಒಂದು, ಮೆಲ್ಲಗೆ... ಸರಿಯಾಗಿ ನನ್ನ ಅಂಗೈಯಡಿಗೆ.

ಹಿಂದೆ ಬಾಗಿಲು ತೆರೆದು ಬೆಳಕು ಬಿತ್ತು. ಮುದುಕ ಓಡಿಬಂದ.

"ಗೋಡೆಯ ಹಿಂದೆ ಯಾರೋ ಇದ್ದಾರೆ," ಎಂದೆ.

"ಹಿಂದೇನಿದೆ? ಬರೀ ಬೆಟ್ಟ."

ಅವನು ಹೇಳುತ್ತಿರುವಾಗಲೇ ಬಡಿತ ಮತ್ತೆ ಶುರುವಾಯಿತು. ಅವನಿಗೂ ಕೇಳಿಸಿತು, ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಅಚ್ಚರಿ ಇರಲಿಲ್ಲ. ನಮ್ಮನ್ನು ಬೇಗಬೇಗ ಹೊರಗೆ ಕಳಿಸಿ, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದ.

ಮನೆಗೆ ಬಂದವಳೇ ಪೊಲೀಸರಿಗೆ ಫೋನು ಮಾಡಿದೆ. ಅವರು ಹೋಗಿ ಗೋಡೆಗೆ ಕಿವಿಯಿಟ್ಟು ಕೇಳಿದರಂತೆ. ಏನೂ ಇಲ್ಲವಂತೆ.

ಅತ್ತೆ ಅಂದು ಊಟ ಮಾಡಲಿಲ್ಲ. ತಟ್ಟೆ ಸರಿಸಿ ಹೇಳಿದರು:

"ನಾ ತಟ್ಟಬಾರದಿತ್ತವಾ. ಆಸೆ ಹುಟ್ಟಿಸಿ ಬಂದ್ವಿ."