ಫೋಕಸ್ ನೆಲಕ್ಕೋ, ಮರಕ್ಕೋ?

"ಕತ್ಲಾದ್ಮೇಲೆ ನಾ ನಿಮ್ ಕಾರ್ ಅತ್ತಕಿಲ್ಲ ಕಣ್ರಿ. ಬಸ್ಸಲ್ಲೇ ಓಯ್ತೀನಿ."

ಹೋದ ತಿಂಗಳು ನನ್ನ ಹೆಂಡತಿ ಹೊರಡಿಸಿದ ಆದೇಶ ಇದು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ತಪ್ಪು ಅವಳದಲ್ಲ. ನಮ್ಮ ಕಾರಿಗೆ ವಯಸ್ಸಾಗಿದೆ. ಇಂಜಿನ್ ಗಟ್ಟಿ, ಹಾರ್ನ್ ಇನ್ನೂ ಗಟ್ಟಿ. ಆದರೆ ಹೆಡ್‌ಲೈಟಿನ ಗಾಜು ಹಳದಿಗಟ್ಟಿ, ಲೈಟು ಹತ್ತಿದೆಯೋ ಇಲ್ಲವೋ ಎಂದು ಇಳಿದು ನೋಡಿಯೇ ಹೇಳಬೇಕಿತ್ತು. ಅವತ್ತು ಸಂಜೆ ಮದ್ದೂರು ದಾಟಿ ಮಳವಳ್ಳಿ ರಸ್ತೆಗೆ ಹೊರಳಿದ್ದೇ ತಡ, ಕಬ್ಬು ತುಂಬಿದ ಟ್ರೇಲರಿನ ಹಿಂಬದಿಗೆ ಇನ್ನೇನು ನುಗ್ಗಬೇಕು, ಬ್ರೇಕ್ ತುಳಿದೆ. ಟ್ರೇಲರಿಗೆ ಹಿಂದೆ ಲೈಟಿಲ್ಲ. (ನಮ್ಮ ಕಡೆ ಕಬ್ಬಿಗೆ ಒಂದು ಕೆಂಪು ಬಟ್ಟೆ ಕಟ್ಟಿದರೆ ಲೈಟು ಹಾಕಿದ ಲೆಕ್ಕ.) ಕಬ್ಬಿನ ಸೋಗೆ ಮುಂದಿನ ಗಾಜನ್ನು ಸವರಿತು. ಹೆಂಡತಿ ಮಾತಾಡಲಿಲ್ಲ. ಮನೆಗೆ ಬಂದು ಮಾತಾಡಿದಳು.

ಅವಳು ಪಕ್ಕದಲ್ಲಿ ಕೂರದ ಕಾರು ಇದ್ದರೆಷ್ಟು, ಬಿಟ್ಟರೆಷ್ಟು? (ಅವಳು ಈ ಅಂಕಣ ಓದುತ್ತಾಳೆ.) ಮಂಡ್ಯದ ಅಂಗಡಿಯೊಂದರಲ್ಲಿ ಹೊಸ ಗಾಜು, ಒಳಗೆ ಬೆಳ್ಳನೆಯ ಎಲ್‌ಇಡಿ ಬಲ್ಬು ಹಾಕಿಸಿದೆ. ಅಂಗಡಿಯವನು ಸ್ಕ್ರೂಡ್ರೈವರ್ ಹಿಡಿದು ಕೇಳಿದ. "ಪೋಕಸ್ ಎಲ್ಗ್ ಮಡಗ್ಲಿ ಸಾ, ನೆಲುಕ್ಕೋ ಮರುಕ್ಕೋ?"

ಇಷ್ಟು ವರ್ಷ ಕತ್ತಲಲ್ಲಿ ತಡಕಾಡಿದವನಿಗೆ ಕೇಳುವ ಪ್ರಶ್ನೆಯೇ ಇದು?

"ಮರಕ್ಕೇ ಇರ್ಲಿ" ಅಂದೆ.

ಭಾನುವಾರ ಬಾಮೈದ ಪುಟ್ಟರಾಜುವಿನ ಮನೆಯಲ್ಲಿ ಬಾಡೂಟ. ಅವನ ಊರು ಚಿಕ್ಕರಸಿನಕೆರೆಯಿಂದ ಒಳಗೆ, ನಾಲೆ ಏರಿಯ ಮೇಲೇ ಹೋಗಬೇಕು. ಹೆಂಡತಿ ತಮ್ಮನಿಗಾಗಿ ಮದ್ದೂರಿನಲ್ಲಿ ಕಟ್ಟಿಸಿಕೊಂಡ ವಡೆ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, ಅನುಮಾನದಿಂದಲೇ ಕೂತಿದ್ದಳು. ಕತ್ತಲಾಯಿತು. ಲೈಟು ಹಾಕಿದೆ. ರಸ್ತೆ ಹಗಲಾಯಿತು! ಹುಣಸೆಮರದ ತುದಿಯ ಕಾಗೆಗೂಡೂ ಕಂಡಿತು.

"ವಾಸಿ ಕಣ್ರಿ" ಅಂದಳು. ಅವಳ ಬಾಯಲ್ಲಿ ಇದು ಚಿನ್ನದ ಪದಕ.

ಅಷ್ಟರಲ್ಲಿ ಎದುರಿನ ಬಸ್ಸು ಪಕಪಕ ಲೈಟು ಹೊಡೆಯಿತು. ಹಿಂದೆಯೇ ಒಂದು ಲಾರಿ. ಆಮೇಲೆ ಎರಡು ಬೈಕು. ನಮ್ಮ ಕಡೆ ಇದಕ್ಕೆ ಇರುವುದು ಒಂದೇ ಅರ್ಥ. ಮುಂದೆ ಪೊಲೀಸರು ನಿಂತಿದ್ದಾರೆ. ಗುರುತು ಪರಿಚಯ ಇಲ್ಲದವನಿಗೂ ಈ ಸುಳಿವು ಕೊಡುವುದು ನಮ್ಮಲ್ಲಿ ಮದುವೆ ಮುಯ್ಯಿಗಿಂತ ಕಟ್ಟುನಿಟ್ಟು. ನಾನು ಬೆಲ್ಟ್ ಎಳೆದುಕೊಂಡೆ. ಹೆಂಡತಿ ವಡೆ ಪಕ್ಕಕ್ಕಿಟ್ಟು ಇನ್ಶೂರೆನ್ಸ್ ಕಾಗದ ಹುಡುಕಿದಳು. ಉಪಕಾರಕ್ಕೆ ಪ್ರತಿ ಉಪಕಾರ ಬೇಡವೇ? ನಾನೂ ಹೈಬೀಮ್ ಹೊಡೆದು ಹೊಡೆದು ಎಲ್ಲರಿಗೂ ಥ್ಯಾಂಕ್ಸ್ ಹೇಳಿದೆ.

ಪೊಲೀಸರು ಮಾತ್ರ ಎಲ್ಲೂ ಸಿಗಲಿಲ್ಲ.

ನಾಲೆ ಏರಿಯಲ್ಲಿ ಎದುರಿಗೆ ಒಂದು ಮೊಪೆಡ್ ಬಂತು. ಅತ್ತಿತ್ತ ಓಲಾಡಿತು. ಅದರ ಪುಟ್ಟ ಲೈಟು ಗದ್ದೆ ಕಡೆಗೆ ಇಳಿದು ಮಾಯವಾಯಿತು.

"ಪಾಪ, ಅವನಿಗೂ ಪೊಲೀಸರ ಭಯ" ಅಂದೆ.

ಬಾಮೈದನ ಮನೆ ತಲುಪಿದಾಗ ಅವನಿರಲಿಲ್ಲ. ಡೈರಿಗೆ ಹಾಲು ಹಾಕಲು ಹೋಗಿದ್ದಾನೆ ಅಂದರು. ಒಂದು ಲೋಟ ಕಾಫಿ ಮುಗಿಯುವ ಹೊತ್ತಿಗೆ ಬಂದ. ಕುಂಟುತ್ತ ಬಂದ. ಸೊಂಟದವರೆಗೆ ಕೆಸರು, ಕೈಯಲ್ಲಿ ನೆಗ್ಗಿದ ಹಾಲಿನ ಕ್ಯಾನು.

"ಯಾವನೋ ಬಡ್ಡೈದ ಕಣಕ್ಕ, ಕಾರ್ಗೆ ಸೂರ್ಯನ್ನೇ ಕಟ್ಕಂಡ್ ಬಂದ. ಏರಿ ಎಲ್ಲದೆ ಅಂತ್ಲೇ ಕಾಣ್ನಿಲ್ಲ. ಆಲೆಲ್ಲ ಗದ್ದೆಗೋಯ್ತು. ಸದ್ಯ, ನಾಲೆಗ್ ಬೀಳ್ನಿಲ್ಲ."

ನಾಲೆ ಅವತ್ತು ತುಂಬಿ ಹರಿಯುತ್ತಿತ್ತು. ಅವನು ಬಲಕ್ಕೆ ಬಿದ್ದಿದ್ದಕ್ಕೆ ಅಲ್ಲಿ ಕುಂಟುತ್ತ ನಿಂತಿದ್ದ. ಎಡಕ್ಕೆ ಬಿದ್ದಿದ್ದರೆ? ಹೇಗೆ ಶುರು ಮಾಡಲಿ ಎಂದು ಪದ ಹುಡುಕುತ್ತಿದ್ದೆ. ಹೆಂಡತಿ ನನಗೆ ಆ ಕಷ್ಟ ಕೊಡಲಿಲ್ಲ.

"ಆ ಬಡ್ಡೈದ ಇಲ್ಲೇ ಕುಂತವ್ರೆ ನೋಡ್ಲಾ" ಅಂದಳು.

ಪುಟ್ಟರಾಜು ನನ್ನನ್ನು ನೋಡಿದ. ಅಂಗಳದಲ್ಲಿದ್ದ ಕಾರು ನೋಡಿದ. ತಪ್ಪಾಯ್ತು ಕಣೋ ಅಂದೆ, ನಿಜವಾಗಿಯೂ ನಾಚಿಕೆಯಿಂದಲೇ ಅಂದೆ. ಅವನು ಕುಂಟುತ್ತ ಹೊರಗೆ ಹೋದ. "ಎಲ್ಲಿ, ಒಂದ್ಕಿತ ಆನ್ ಮಾಡಿ ಭಾವ." ಆನ್ ಮಾಡಿದೆ. ತೆಂಗಿನ ಮರದ ಗೊನೆ ಬೆಳಗಿತು. ಪಕ್ಕದ ಮನೆ ಕೊಟ್ಟಿಗೆಯಲ್ಲಿ ಮಲಗಿದ್ದ ಎಮ್ಮೆ ಬೆಳಗಾಯಿತೆಂದು ಎದ್ದು ನಿಂತಿತು. ಅವನು ಕೆಸರು ಮೆತ್ತಿದ ಕೈಯಿಂದ ಗಾಜನ್ನು ಸವರಿದ.

"ಭಾವ, ಇದ ಎಲ್ಲಾಕ್ಸುದ್ರಿ? ನಮ್ ಟ್ರ್ಯಾಕ್ಟರ್ಗೂ ಬೇಕಲ್ಲ."

ನಾನು ಮಾರನೆಯ ದಿನವೇ ಮಂಡ್ಯಕ್ಕೆ ಬಂದು ಫೋಕಸ್ ನೆಲಕ್ಕೆ ಇಳಿಸಿಕೊಂಡೆ. ಮರ ಕಾಣುವುದಿಲ್ಲ, ರಸ್ತೆ ಕಾಣುತ್ತದೆ, ಹೆಂಡತಿ ಪಕ್ಕದಲ್ಲಿ ಕೂರುತ್ತಾಳೆ. ಪುಟ್ಟರಾಜು ಮಾತ್ರ ಮಂಡಿಯ ಊತ ಇಳಿಯುವ ಮೊದಲೇ ಅದೇ ಅಂಗಡಿಗೆ ಹೋಗಿ ಬಂದನಂತೆ. ಅಂಗಡಿಯವನು ಅದೇ ಪ್ರಶ್ನೆ ಕೇಳಿರಬೇಕು. ಇವನೂ ಅದೇ ಉತ್ತರ ಕೊಟ್ಟಿರಬೇಕು. ಕಣ್ಣು ಕುಕ್ಕಿಸಿಕೊಂಡವನು ದೀಪ ತಗ್ಗಿಸಿ ಅನ್ನುವುದಿಲ್ಲ, ತನಗೂ ಅಂಥದ್ದೇ ಬೇಕು ಅನ್ನುತ್ತಾನೆ. ನಾವು ಇರುವುದೇ ಹೀಗೆ.

ಮೊನ್ನೆ ಮುಸ್ಸಂಜೆ ಅದೇ ನಾಲೆ ಏರಿ. ಎದುರಿಗೆ ಬೆಳ್ಳನೆಯ ಬೆಂಕಿ. ಹೆಂಡತಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡು "ನಮ್ ಪುಟ್ರಾಜೂನೇ ಇರ್ಬೇಕು" ಅಂದಳು. ನಾನು ಕಾರು ನಿಲ್ಲಿಸಿ, ತಗ್ಗಿಸಪ್ಪ ಅನ್ನುವಂತೆ ಪಕಪಕ ಲೈಟು ಹೊಡೆದೆ. ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ಆಮೇಲೆ ಸರಕ್ಕನೆ ಗದ್ದೆಯ ಗಾಡಿದಾರಿಗೆ ಇಳಿದು ಹೋಯಿತು.

ಫೋನು ಬಂತು. "ಭಾವ, ಒಳ್ಳೆ ಟೈಮ್ಗೆ ಲೈಟ್ ಒಡುದ್ರಿ. ಪೊಲೀಸ್ನೋರು ಎಲ್ ನಿಂತವ್ರೆ?"

'ನನಗೆ ಕಣ್ಣು ಕಾಣ್ತಿಲ್ಲ, ಸ್ವಲ್ಪ ತಗ್ಗಿಸು' ಅನ್ನುವುದಕ್ಕೆ ನಮ್ಮ ಕಡೆ ಯಾವ ಲೈಟು ಹೊಡೆಯಬೇಕು, ನಿಮಗೇನಾದರೂ ಗೊತ್ತೇ?